ಹದಿಹರೆಯದ ಕಾದಂಬರಿ ಮತ್ತು ನಮ್ಮ ಕಡೆ ಮಾತು

ಕನ್ನಡದಲ್ಲಿ ಅಂಕಿ ಎಣಿಸುತ್ತ ಹೋಗಿ. ಹನ್ನೊಂದು, ಹನ್ನೆರಡು ಆದ ಮೇಲೆ ‘ಹದಿ’ ಶುರುವಾಗುತ್ತದೆ: ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಹತ್ತೊಂಬತ್ತಕ್ಕೆ ಬಂದರೆ ‘ಹದಿ’ ಮುಗಿದಿರುತ್ತದೆ. ಹದಿಮೂರರಿಂದ ಹದಿನೆಂಟರವರೆಗಿನ ಆರು ವರ್ಷ ಅಷ್ಟೇ. ಈ ಆರು ವರ್ಷದವರಿಗೆಂದು ಬರೆದ ಕಾದಂಬರಿಗೆ ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂಬ ಹೆಸರಿದೆ, ಅದಕ್ಕೆ ಬೇರೆ ಕಪಾಟಿದೆ. ನಮ್ಮಲ್ಲಿ ಕಿಶೋರ ಸಾಹಿತ್ಯ, ಹದಿಹರೆಯದ ಸಾಹಿತ್ಯ ಎಂದು ಎರಡು ಹೆಸರುಗಳಿದ್ದರೂ ಕಪಾಟು ಇನ್ನೂ ಆಗಿಲ್ಲ. ಗ್ರಂಥಾಲಯದಲ್ಲಿ ಒಂದು ಕಡೆ ಬಣ್ಣದ ಚಿತ್ರದ ಮಕ್ಕಳ ಪುಸ್ತಕ, ಇನ್ನೊಂದು ಕಡೆ ದೊಡ್ಡವರ ಕಾದಂಬರಿ. ಹದಿನೈದರ ಹುಡುಗಿ ಬಂದು ನಿಂತರೆ ಅವಳ ಕೈಗೆ ಸಿಗುವುದು ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕೂತು ಇಂಥ ಕಾದಂಬರಿ ಬರೆಯಬೇಕೆನ್ನುವವರಿಗೆ ಒಂದು ಮಾತು ಹೇಳಬೇಕಾಗಿದೆ. ಈ ಪ್ರಕಾರದ ಜೀವಂತಿಕೆಯೂ ಪ್ರಯೋಗವೂ ಹೊರಗಿನಿಂದ ತಂದು ಅಂಟಿಸುವ ವಸ್ತುಗಳಲ್ಲ. ಬೇಕಾದ ಸಾಮಾನು ಬಹುಪಾಲು ನಮ್ಮ ಮಾತಿನ ವ್ಯಾಕರಣದಲ್ಲೇ, ನಮ್ಮ ಮಕ್ಕಳ ದಪ್ತರದಲ್ಲೇ (ಶಾಲೆಯ ಚೀಲದಲ್ಲೇ) ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹದಿನಾರರ ಪಾತ್ರ ಇದ್ದ ಮಾತ್ರಕ್ಕೆ ಅದು ಹದಿಹರೆಯದ ಕಾದಂಬರಿ ಆಗುವುದಿಲ್ಲ. ‘ಆಗ ನನಗೆ ಅಷ್ಟು ತಿಳಿವಳಿಕೆ ಇರಲಿಲ್ಲ’ ಎಂಬ ಒಂದು ವಾಕ್ಯ ಬಂದರೆ ಸಾಕು, ಹೇಳುತ್ತಿರುವವನಿಗೆ ನಲವತ್ತು ದಾಟಿದೆ ಎಂದು ಓದುವ ಹುಡುಗನಿಗೆ ಗೊತ್ತಾಗಿಬಿಡುತ್ತದೆ. ಅದು ದೊಡ್ಡವರ ನೆನಪಿನ ಕಾದಂಬರಿ. ನೆನಪಿನ ಬರಹದಲ್ಲಿ ಎಲ್ಲದರ ಅರ್ಥ ಮೊದಲೇ ನಿರ್ಧಾರವಾಗಿರುತ್ತದೆ. ಹದಿಹರೆಯದ ಕಾದಂಬರಿಯಲ್ಲಿ ಹೇಳುವವರಿಗೂ ನಡೆದದ್ದಕ್ಕೂ ನಡುವೆ ಒಂದು ದಿನ, ಬಹಳವೆಂದರೆ ಒಂದು ವಾರದ ಅಂತರ. ಮುಂದೆ ಏನಾಗುತ್ತದೆ ಎಂಬುದು ಹೇಳುವವರಿಗೂ ಗೊತ್ತಿಲ್ಲ. ಬರೆಯುವಾಗ ಪ್ರತಿ ಅಧ್ಯಾಯದ ಕರಡಿನ ಮೇಲೆ ಎರಡು ತಾರೀಖು ಹಾಕಿಕೊಳ್ಳಿ. ಒಂದು ಘಟನೆ ನಡೆದ ದಿನ, ಇನ್ನೊಂದು ಪಾತ್ರ ಅದನ್ನು ಹೇಳುತ್ತಿರುವ ದಿನ. ಆ ಅಂತರ ಹಿಗ್ಗಿದ ಕಡೆಯಲ್ಲೆಲ್ಲ ಉಪದೇಶ ನುಸುಳಿರುವುದು ನಿಮ್ಮ ಕಣ್ಣಿಗೇ ಬೀಳುತ್ತದೆ.

ಪ್ರಯೋಗ ಹುಟ್ಟುವುದು ಈ ಅಂತರ ಕಡಿಮೆಯಾದಾಗಲೇ. ಅರ್ಥ ಇನ್ನೂ ಆಗದವರಿಗೆ ಸಿದ್ಧ ಕಥನ ಸಿಗುವುದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಹೇಳುತ್ತಾರೆ: ನೋಟ್‌ಬುಕ್ಕಿನ ಕೊನೆಯ ಪುಟ, ಮೊಬೈಲಿನ ಮೆಸೇಜು, ಪಟ್ಟಿ, ಬರೆದು ಹರಿದ ಚೀಟಿ. 1967ರಲ್ಲಿ ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ ಪ್ರಕಟವಾದಾಗ ಲೇಖಕಿಗೆ ಇನ್ನೂ 18 ವರ್ಷ. ಅಮೆರಿಕದಲ್ಲಿ ಈ ಪ್ರಕಾರಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಆ ಪುಸ್ತಕದಿಂದ. ಅಲ್ಲಿಯ ಗ್ರಂಥಪಾಲಕರು ಕೊಡುವ ಪ್ರಿಂಟ್ಜ್ ಪ್ರಶಸ್ತಿ 2000ರಲ್ಲಿ ಶುರುವಾದಾಗ ಅದನ್ನು ಮೊದಲು ಪಡೆದದ್ದು ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’. ಕೊಲೆ ಪ್ರಕರಣದಲ್ಲಿ ಸಿಕ್ಕಿಕೊಂಡ ಹದಿನಾರರ ಹುಡುಗ ತನ್ನ ವಿಚಾರಣೆಯನ್ನೇ ಸಿನಿಮಾದ ಚಿತ್ರಕಥೆಯಂತೆ ಬರೆಯುತ್ತಾನೆ. ನಡುನಡುವೆ ದಿನಚರಿಯ ಪುಟಗಳು. ಚಿತ್ರಕಥೆಯಲ್ಲಿ ಕ್ಯಾಮೆರಾ ಕಂಡದ್ದು ಮಾತ್ರ ಇರುತ್ತದೆ, ಮನಸ್ಸಿನ ಒಳಗಿನದು ಇರುವುದಿಲ್ಲ. ಹುಡುಗ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ಆ ರೂಪವೇ ಮುಚ್ಚಿಟ್ಟುಕೊಳ್ಳುತ್ತದೆ. ಅಲ್ಲಿ ಚಿತ್ರಕಥೆಯನ್ನು ತೆಗೆದರೆ ಕಾದಂಬರಿಯೇ ಉಳಿಯುವುದಿಲ್ಲ. ರೂಪ ಬೇಕೋ ಬೇಡವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ: ತೆಗೆದು ನೋಡಿ, ಕಥೆ ಹಾಗೇ ಉಳಿದರೆ ಅದು ಬರೀ ಅಲಂಕಾರ.

ಇನ್ನು ನಮ್ಮ ಮಾತಿಗೆ ಬರೋಣ.

ಕನ್ನಡದಲ್ಲಿ ಮೂರನೆಯವರ ಬಗ್ಗೆ ಹೇಳುವಾಗ ಕ್ರಿಯಾಪದ ಗಂಡು ಹೆಣ್ಣು ಹೇಳಿಬಿಡುತ್ತದೆ: ಬಂದ, ಬಂದಳು. ‘ನಾನು’ ಎಂದು ಹೇಳುವಾಗ ಹೇಳುವುದಿಲ್ಲ. ಬಂದೆ, ಹೋದೆ, ನಕ್ಕೆ ಎಂದವರು ಹುಡುಗನೋ ಹುಡುಗಿಯೋ ವಾಕ್ಯದಿಂದ ತಿಳಿಯದು. ಪಠ್ಯಪುಸ್ತಕದ ಮರಾಠಿಯಲ್ಲಿ ಹಾಗಲ್ಲ. ‘ಮೀ ಗೇಲೋ’ ಅಂದರೆ ಹುಡುಗ, ‘ಮೀ ಗೇಲೇ’ ಅಂದರೆ ಹುಡುಗಿ. ಈಗ ಬೆಳಗಾವಿಯ ವಡಗಾವಿ, ಶಹಾಪುರದ ಓಣಿಯಲ್ಲಿ ಎರಡೂ ಭಾಷೆಯಲ್ಲಿ ಬೆಳೆದ ಹದಿನೈದರ ಒಬ್ಬರನ್ನು ಕಲ್ಪಿಸಿಕೊಳ್ಳಿ. ಮನಸ್ಸಿನೊಳಗೆ ಕನ್ನಡ, ಮರಾಠಿ ತರಗತಿಯಲ್ಲಿ ಎದ್ದು ಉತ್ತರ ಹೇಳುವಾಗ ಮರಾಠಿ. ನೂರು ಪುಟ ತಾನು ಯಾರೆಂದು ಹೇಳದೆ ಕನ್ನಡದಲ್ಲಿ ನಿರಾಳವಾಗಿ ಮಾತಾಡಿದವರಿಗೆ ಮರಾಠಿಯ ಒಂದು ಕ್ರಿಯಾಪದ ‘ನೀ ಯಾವ ಕಡೆ?’ ಎಂದು ಕೇಳಿಬಿಡುತ್ತದೆ. ತನ್ನ ದೇಹ, ತನ್ನ ಗುರುತು ತನಗೇ ಒಗ್ಗದ ವಯಸ್ಸಿನ ಕಥೆಗೆ ಇಷ್ಟು ಚಂದದ ಸಾಧನ ಗಡಿಭಾಗದ ಲೇಖಕರಿಗೆ ಪುಕ್ಕಟೆ ಸಿಕ್ಕಿದೆ.

ಇದನ್ನು ನಿಭಾಯಿಸುವಾಗ ಎಡವುವ ಜಾಗಗಳೂ ಗೊತ್ತಿರಲಿ. ಗುಟ್ಟು ಒಡೆಯುವುದು ನಾಯಕ ಪಾತ್ರದ ಮಾತಿನಿಂದಲ್ಲ, ಬೇರೆಯವರ ಮಾತಿನಿಂದ. ‘ಬಾರೋ’, ‘ಬಾರೇ’, ‘ತಮ್ಮಾ’, ‘ಯವ್ವಾ’, ಇನ್ನೊಬ್ಬರ ಹತ್ತಿರ ಹೇಳುವ ‘ಅಂವ’, ‘ಅಕಿ’. ಕರಡು ಮುಗಿದ ಮೇಲೆ ಇವನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕು. ‘ಬಾ’, ‘ಬರ್ರಿ’, ‘ಏನ್ ಮಾಡಾಕತ್ತಿ’ ಇವು ಸುರಕ್ಷಿತ. ಇನ್ನೊಂದು ಬಲೆ 2023ರ ಜೂನಿನಿಂದ ಬಂದಿದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಹಾಗಾಗಿ ಇಂದಿನ ಕಥೆಯಲ್ಲಿ ಪಾತ್ರ ರಾಜ್ಯದೊಳಗಿನ ಕೆಂಪು ಬಸ್ ಹತ್ತಿ ದುಡ್ಡು ಕೊಟ್ಟಿತೆಂದರೆ ಹುಡುಗ ಎಂದು ಹೇಳಿದಂತೆಯೇ.

ಆ ಶೂನ್ಯ ಟಿಕೆಟ್ಟಿನ ಬಗ್ಗೆಯೇ ಒಂದು ಮಾತು ಜಾಸ್ತಿ ಹೇಳಬೇಕು. ಎಲ್ಲಿಂದ ಎಲ್ಲಿಗೆ, ಯಾವ ತಾರೀಖು, ಎಷ್ಟು ಗಂಟೆ, ಎಲ್ಲವೂ ಅದರ ಮೇಲೆ ಅಚ್ಚಾಗಿರುತ್ತದೆ. ದುಡ್ಡಿಲ್ಲದೆ ಎಲ್ಲಿಗಾದರೂ ಹೋಗಬಲ್ಲ ಹುಡುಗಿಯ ಸ್ವಾತಂತ್ರ್ಯವೂ ಅದೇ, ಸಂಜೆ ಅವ್ವ ಅಂಗಿಯ ಕಿಸೆ ತಡವಿದಾಗ ಸಿಗುವ ಸಾಕ್ಷಿಯೂ ಅದೇ. ಅಂತರರಾಜ್ಯ ಬಸ್ಸಿಗೆ ಆ ಸೌಲಭ್ಯ ಇಲ್ಲ. ಬೆಳಗಾವಿಯಿಂದ ನಿಪ್ಪಾಣಿಯವರೆಗೆ ಸೊನ್ನೆ ರೂಪಾಯಿ, ಕೊಲ್ಹಾಪುರದ ಬಸ್ಸು ಹತ್ತಿದರೆ ರೊಕ್ಕ. ಒಂದು ಅಧ್ಯಾಯದ ತಿರುವು ಆ ವ್ಯತ್ಯಾಸದಲ್ಲೇ ಇದೆ. ಇಂಥ ವಸ್ತು ಕೈಗೆ ಬಂದರೆ ಲೇಖಕರು ಭಾವನೆಯನ್ನು ವಿವರಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಎರಡನೆಯದು ಕಾಲದ ಪ್ರಶ್ನೆ. ಇಂಗ್ಲಿಷಿನ ಹದಿಹರೆಯದ ಕಾದಂಬರಿಗಳಲ್ಲಿ ‘ನಾನು’ ಮತ್ತು ವರ್ತಮಾನಕಾಲ ಜೋಡಿಯಾಗಿ ಬರುವುದು ಹೆಚ್ಚು. ಅದನ್ನು ಬರವಣಿಗೆಯ ಕನ್ನಡಕ್ಕೆ ನೇರ ಇಳಿಸಿದರೆ ತೊಡಕು. ‘ಓಡುತ್ತೇನೆ’ ಅಂದರೆ ದಿನಾ ಓಡುತ್ತಾನೋ, ನಾಳೆ ಓಡುತ್ತಾನೋ, ಈಗ ಓಡುತ್ತಿದ್ದಾನೋ? ‘ಓಡುತ್ತಿದ್ದೇನೆ’ ಅಂದರೆ ಅರ್ಥ ಸರಿ, ಆದರೆ ಆ ಮಾತನ್ನು ಯಾರೂ ಓಡುತ್ತ ಹೇಳುವುದಿಲ್ಲ. ನಮ್ಮ ಕಡೆಯ ‘ಓಡಾಕತ್ತೇನಿ’ಯಲ್ಲಿ ಈ ಕ್ಷಣ ಬಿಟ್ಟು ಬೇರೆ ಅರ್ಥವೇ ಇಲ್ಲ. ‘ಹೊಂಟೇನಿ’ ಅಂದವನ ಕಾಲು ಆಗಲೇ ಚಪ್ಪಲಿಯೊಳಗಿರುತ್ತದೆ. ವರ್ತಮಾನಕಾಲದ ಕಥನಕ್ಕೆ ಈ ರೂಪಗಳು ಹೇಳಿ ಮಾಡಿಸಿದಂತಿವೆ. ಅಪಾಯವೆಂದರೆ ಇಡೀ ಪುಸ್ತಕ ‘-ಆಕತ್ತೇನಿ’ಯಲ್ಲೇ ನಡೆದರೆ ಕಿವಿ ಸೋಲುತ್ತದೆ. ದೃಶ್ಯ ತೆರೆಯುವಾಗ ಒಂದು ಸಲ ಆ ರೂಪ ಬಳಸಿ ಹೊತ್ತು ಕಟ್ಟಿಕೊಳ್ಳಿ, ಆಮೇಲೆ ಕ್ರಿಯಾಪದವೇ ಇಲ್ಲದ ಗಿಡ್ಡ ವಾಕ್ಯಗಳಿಗೆ, ಹಸಿ ಭೂತಕಾಲಕ್ಕೆ ದಾಟಿ. ಓದುಗ ಆ ಹೊತ್ತಿನಲ್ಲೇ ಇರುತ್ತಾನೆ.

ಮೂರನೆಯದು ‘ಅಂತ’. ಇದರ ಮೇಲೆ ನನಗೆ ವಿಶೇಷ ಪ್ರೀತಿ. ಹದಿಹರೆಯದವರ ಜಗತ್ತು ಅರ್ಧ ನಡೆಯುವುದು ಸುದ್ದಿಯ ಮೇಲೆ, ಮತ್ತು ಕನ್ನಡದಲ್ಲಿ ಸುದ್ದಿಗೆ ಬೇರೆಯೇ ಒಂದು ಪ್ರತ್ಯಯ ಇದೆ. ಈ ನಾಲ್ಕು ಸಾಲು ನೋಡಿ:

ಅಕಿ ಗುರುವಾರ ಕಾಲೇಜಿಗೆ ಬಂದಿದ್ಲಂತ. ಎರಡನೇ ಪಿರಿಯಡ್‌ಗೆ ಇರಲಿಲ್ಲಂತ. ಬಸ್‌ಸ್ಟ್ಯಾಂಡಿನ್ಯಾಗ ಯಾರೋ ನೋಡ್ಯಾರಂತ. ಕೈಯಾಗ ಒಂದ್ ಚೀಲ ಇತ್ತಂತ.

ಈಗ ಐದನೆಯ ಸಾಲು:

ಚೀಲದಾಗ ಬರೇ ಪುಸ್ತಕ ಇದ್ದುವು.

‘ಅಂತ’ ಬಿದ್ದುಹೋಗಿದೆ. ಅಂದರೆ ಹೇಳುತ್ತಿರುವ ಹುಡುಗನಿಗೆ ಇದು ಯಾರೂ ಹೇಳಿ ಗೊತ್ತಾದದ್ದಲ್ಲ. ಅವನು ಅಲ್ಲಿದ್ದ, ಚೀಲದೊಳಗೆ ನೋಡಿದ್ದ. ಇಷ್ಟು ಹೊತ್ತು ತಾನೂ ಎಲ್ಲರಂತೆ ಕೇಳಿದವನ ಹಾಗೆ ನಟಿಸುತ್ತಿದ್ದ. ಒಂದು ಪ್ರತ್ಯಯ ಬಿಟ್ಟದ್ದರಿಂದ ಕಥೆಯ ಗುಟ್ಟು ಹೊರಬಿತ್ತು, ಲೇಖಕರು ಒಂದು ಅಕ್ಷರವನ್ನೂ ಹೆಚ್ಚಿಗೆ ಬರೆಯಲಿಲ್ಲ. ಪೂರಾ ಕಾದಂಬರಿಯನ್ನೇ ಹೀಗೆ ಕಟ್ಟಬಹುದು. ಊರು, ಕಾಲೇಜು, ಹಾಸ್ಟೆಲು ಒಬ್ಬ ಹುಡುಗಿಯ ಬಗ್ಗೆ ‘ಅಂತ’ದಲ್ಲೇ ಮಾತಾಡುತ್ತವೆ, ಅವಳು ‘ನಾನು’ ಎನ್ನುವುದು ಕಡೆಯ ಇಪ್ಪತ್ತು ಪುಟದಲ್ಲಿ ಮಾತ್ರ. ಕಟ್ಟುವಾಗ ಶಿಸ್ತು ಬೇಕು. ಮೊದಲ ಭಾಗದಲ್ಲಿ ಲೇಖಕರ ಕೈತಪ್ಪಿ ‘ಅಂತ’ ಇಲ್ಲದ ವಾಕ್ಯ ಒಂದೇ ಒಂದು ನುಸುಳಿದರೂ ಜಾಣ ಓದುಗ ಅದನ್ನು ಸುಳಿವು ಎಂದೇ ಹಿಡಿಯುತ್ತಾನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆಡುಮಾತಿನ ಮೇಲೆ ನಿಂತಿದೆ. ಆದರೆ ನಮ್ಮ ಕಡೆ ಮಾತನ್ನು ಬಹಳ ಕಾಲ ನಗಿಸುವುದಕ್ಕೆ ಮಾತ್ರ ಬಳಸಲಾಗಿದೆ. ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ‘ಏನ್ಲೇ’ ಎಂದೊಡನೆ ನಗಬೇಕು ಎಂಬ ರೂಢಿ. ನಾಯಕ ನಾಯಕಿ ಅಳುವುದು, ಪ್ರೀತಿಸುವುದು, ಆಲೋಚಿಸುವುದು ಬೇರೆ ಕನ್ನಡದಲ್ಲಿ. ಮುಧೋಳದ ಹುಡುಗಿ ಇದನ್ನು ಸಣ್ಣಂದಿನಿಂದ ನೋಡಿ, ದುಃಖಕ್ಕೆ ತನ್ನ ಮಾತು ಸಾಲದು ಎಂದು ತಿಳಿದುಬಿಡುತ್ತಾಳೆ. ಅವಳ ಕೈಗೆ ಕೊಡುವ ಕಾದಂಬರಿಯಲ್ಲಿ ಸಾವಿನ ಮನೆ, ಮೊದಲ ಪ್ರೀತಿ, ಫೇಲಾದ ದಿನ, ದೇವರ ಮೇಲಿನ ಸಿಟ್ಟು ಎಲ್ಲವೂ ಅವಳ ಮಾತಿನಲ್ಲೇ ಬರಬೇಕು. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಈ ಮಾತಿನಲ್ಲೇ ಎಲ್ಲ ದುಃಖ ಹಾಡಿದ್ದಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಸಾಹಿತಿಗಳ ಬಳಗ ‘ಹಲಸಂಗಿ ಗೆಳೆಯರು’ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲೇ ಅಚ್ಚಾಗಿದೆ. ಮಾತು ಸಾಲುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಪ್ರಾಯೋಗಿಕ ತೊಂದರೆ ಕಾಗುಣಿತದ್ದು. ‘ಹೊಂಟೇನಿ’ಯೋ ‘ಹೊಂಟೀನಿ’ಯೋ, ‘ಅಕಿ’ಯೋ ‘ಆಕಿ’ಯೋ, ‘ಒಳಗ’ವೋ ‘ಒಳಗ್’ ಎಂದೋ? ಮೊದಲ ಅಧ್ಯಾಯದಲ್ಲಿ ಒಂದು, ಆರನೆಯದರಲ್ಲಿ ಇನ್ನೊಂದು, ಹನ್ನೆರಡಕ್ಕೆ ಬರುವಷ್ಟರಲ್ಲಿ ಪಠ್ಯಪುಸ್ತಕದ ಕನ್ನಡ. ಇದು ಆಗುವುದು ಬರೆಯುತ್ತ ದಣಿದಾಗ. ಶುರುವಿಗೇ ಒಂದು ಹಾಳೆಯಲ್ಲಿ ನಲವತ್ತು ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ: ಕ್ರಿಯಾಪದದ ಕೊನೆಗಳು, ವಿಭಕ್ತಿ, ಸರ್ವನಾಮ, ‘ಯಾಕ’, ‘ಹಂಗ’, ‘ಇಲ್ಲೇ’, ‘ಬ್ಯಾಡ’. ನಾಮಪದ ಸಡಿಲ ಇದ್ದರೂ ನಡೆದೀತು, ಕ್ರಿಯಾಪದದ ಕೊನೆ ಮಾತ್ರ ಕದಲಬಾರದು. ಊರು ಕಿವಿಗೆ ಬೀಳುವುದು ಅಲ್ಲಿಂದಲೇ. ವಿಜಯಪುರದ ಓಣಿಯಲ್ಲಿ ದಖನಿ ಉರ್ದು ಬೆರೆಯುತ್ತದೆ, ಬೆಳಗಾವಿಯಲ್ಲಿ ಮರಾಠಿ. ಮೂರೂ ಜಿಲ್ಲೆಗೆ ಸೇರಿಸಿ ಒಂದು ‘ಉತ್ತರ ಕರ್ನಾಟಕದ ಭಾಷೆ’ ತಯಾರಿಸಿದರೆ ಅದು ಯಾವ ಓಣಿಯದೂ ಆಗುವುದಿಲ್ಲ.

ರೂಪಕ್ಕೆ ಬಂದರೆ, ನಮ್ಮಲ್ಲಿ ಎದುರುಬದುರು ಎರಡು ದನಿಯಲ್ಲಿ ಕಥೆ ಹೇಳುವ ಪದ್ಧತಿ ರಾತ್ರಿಯಿಡೀ ನಡೆಯುವ ಗೀಗೀ ಮೇಳದಲ್ಲಿದೆ. ದಪ್ಪು, ತುಂತುಣಿ, ತಾಳ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಸವಾಲು ಜವಾಬು ಹಾಡುತ್ತಾರೆ. ಹುಡುಗ ಹುಡುಗಿ ಅಧ್ಯಾಯ ಬಿಟ್ಟು ಅಧ್ಯಾಯ ಕಥೆ ಹೇಳುವ ಕಾದಂಬರಿ ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ, ಬಹಳ ಸಲ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆದಂತಿರುತ್ತದೆ. ಮೇಳದ ನಿಯಮ ಬೇರೆ. ಎದುರಿನವರು ಬಿಟ್ಟ ಸವಾಲಿಗೆ ಉತ್ತರ ಕೊಟ್ಟೇ ನಿನ್ನ ಮಾತು ಶುರು ಮಾಡಬೇಕು. ಪ್ರತಿ ಅಧ್ಯಾಯದ ಕೊನೆಯ ಸಾಲು ಸವಾಲಾಗಿ, ಮುಂದಿನದರ ಮೊದಲ ಸಾಲು ಜವಾಬಾಗಿ ಬಂದರೆ ಎರಡು ದನಿಗಳು ನಿಜಕ್ಕೂ ಕಾದಾಡುತ್ತವೆ.

ಹಾಗೆಯೇ ಪ್ರಶ್ನೆಪತ್ರಿಕೆ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯ ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಯಾವ ಹುಡುಗನಿಗೆ ಬಾಯಿಪಾಠ ಇಲ್ಲ? ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ ಮಾಡಿ ಬರೆಯಬೇಕು. ಅಪ್ಪ ಒಂದು ರಾತ್ರಿ ‘ಇನ್ನ ಮನೀಗೆ ಬರಬ್ಯಾಡ’ ಎಂದದ್ದನ್ನು ಮಗ ಅದೇ ಕ್ರಮದಲ್ಲಿ ಬಿಡಿಸಲಿ. ಆಯ್ಕೆ: ಈ ವಾಕ್ಯವನ್ನು ನಮ್ಮ ಪಡಸಾಲಿಯಿಂದ ಆರಿಸಲಾಗಿದೆ. ಸಂದರ್ಭ: ಕಬ್ಬಿನ ಬಿಲ್ ಬಾರದ ತಿಂಗಳು, ಗಣಿತದಲ್ಲಿ 19 ಅಂಕ. ಸ್ವಾರಸ್ಯ: ಇಲ್ಲಿ ಐದು ಖಾಲಿ ಗೆರೆ. ಉತ್ತರ ಗೊತ್ತಿಲ್ಲದ ಹುಡುಗ ಜಾಗ ಬಿಟ್ಟು ಮುಂದೆ ಹೋಗುತ್ತಾನಲ್ಲ, ಹಾಗೆ. ಇಡೀ ಕಾದಂಬರಿ ಈ ರೂಪದಲ್ಲಿ ನಡೆಯುವುದಿಲ್ಲ, ಆರೆಂಟು ಪುಟಕ್ಕೆ ಸುಸ್ತಾಗುತ್ತದೆ. ಒಂದೇ ಸಲ, ಸರಿಯಾದ ಜಾಗದಲ್ಲಿ ಬರಬೇಕು.

ಬಾಗಲಕೋಟೆಯಲ್ಲಿ ಕೂತು ಬರೆಯುವವರಿಗೆ ಕೃಷ್ಣೆಯ ಹಿನ್ನೀರೇ ಅಧ್ಯಾಯ ಕಟ್ಟಿಕೊಡುತ್ತದೆ. ಆಲಮಟ್ಟಿ ಅಣೆಕಟ್ಟೆಯ ಪೂರ್ಣ ಮಟ್ಟ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಜುಲೈ, ಆಗಸ್ಟಿನಲ್ಲಿ ಮಟ್ಟ ಏರುತ್ತ ಹೋಗುತ್ತದೆ, ದಿನಾ ಪತ್ರಿಕೆಯಲ್ಲಿ ಅಂಕಿ ಬರುತ್ತದೆ. ತಾರೀಖಿನ ಬದಲು ಆ ಅಂಕಿಯನ್ನೇ ಅಧ್ಯಾಯದ ತಲೆಗೆ ಕೊಡಬಹುದು: 515, 517, 518.4. ಮನೆ ಮುಳುಗಿದವರಿಗೆಂದು ಕಟ್ಟಿದ ನವನಗರದ ಸೆಕ್ಟರಿನಲ್ಲಿ ಹುಟ್ಟಿ ಬೆಳೆದ ಮೊಮ್ಮಗಳು, ‘ನಮ್ಮ ಮನಿ’ ಅಂದರೆ ಇವತ್ತಿಗೂ ನೀರೊಳಗಿನ ಮನೆಯನ್ನೇ ಹೇಳುವ ಅಜ್ಜಿ. ಆದರೆ ಬರೀ ಅಂಕಿಯಿಂದ ಓದುಗನ ಎದೆ ಅಲ್ಲಾಡುವುದಿಲ್ಲ. ಪ್ರತಿ ಅಂಕಿಗೂ ಒಂದು ಗುರುತು ಬೇಕು: ಇಷ್ಟಾದರೆ ಬೇವಿನ ಕಟ್ಟೆ ಮುಳುಗುತ್ತದೆ, ಇಷ್ಟಾದರೆ ಗುಡಿಯ ಎರಡನೇ ಮೆಟ್ಟಿಲು. ಆಮೇಲೆ ಬರೀ ಅಂಕಿ ನೋಡಿದರೂ ಓದುಗನಿಗೆ ಮೆಟ್ಟಿಲು ಕಾಣುತ್ತದೆ.

ಕಾನೂನಿನ ಬಗ್ಗೆ ಚುಟುಕಾಗಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಬೆಲೆಯಿಲ್ಲ. 17ರ ಹುಡುಗಿ, 19ರ ಹುಡುಗ ಓಡಿಹೋಗುವ ಕಥೆ ಬರೆದರೆ ಮುಂದಿನ ಪುಟದಲ್ಲಿ ಪೊಲೀಸ್ ಠಾಣೆ ಬರಲೇಬೇಕು. ಅದನ್ನು ಬಿಟ್ಟು ಬರೆದರೆ ಓದುವ ಮಕ್ಕಳಿಗೆ ಸುಳ್ಳು ಹೇಳಿದಂತೆ.

ಇನ್ನು ಅಚ್ಚುಮನೆ. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಇಂಗ್ಲಿಷ್ ಪುಸ್ತಕದ ತಂತ್ರಗಳು ಕನ್ನಡ ಲಿಪಿಗೆ ಕೂಡುವುದಿಲ್ಲ. ಇಂಗ್ಲಿಷಿನಲ್ಲಿ ಕೂಗಿದರೆ ದೊಡ್ಡಕ್ಷರ, ನಮ್ಮಲ್ಲಿ ಅಂಥ ಅಕ್ಷರವೇ ಇಲ್ಲ. ‘ಯವ್ವಾಽಽ’ ಎಂದು ಎಳೆಯಬೇಕು, ಅಥವಾ ಒಂದೇ ಪದವನ್ನು ಒಂದು ಸಾಲಿನಲ್ಲಿ ಒಂಟಿಯಾಗಿ ನಿಲ್ಲಿಸಬೇಕು. ಅವರಲ್ಲಿ ಮನಸ್ಸಿನ ಮಾತಿಗೆ ಓರೆ ಅಕ್ಷರ. ಕನ್ನಡದ ದುಂಡಕ್ಷರವನ್ನು ಕಂಪ್ಯೂಟರಿನಲ್ಲಿ ಒತ್ತಾಯದಿಂದ ಓರೆ ಮಾಡಿದರೆ ಒತ್ತಕ್ಷರ ಪಕ್ಕದ ಅಕ್ಷರದ ಕಾಲಿಗೆ ಹೋಗಿ ತಾಗುತ್ತದೆ. ಅದರ ಬದಲು ಎಡಗಡೆ ಜಾಗ ಬಿಟ್ಟು ಒಳಗೆ ಸರಿಸಿ, ಅಥವಾ ತೆಳು ಫಾಂಟ್ ಬಳಸಿ. ಸಾಲಿನ ನಡುವಿನ ಅಂತರ ಜಿಪುಣತನದಿಂದ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತಿನ್ನುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಪುಟ ಕಟ್ಟುವ ಕಡೆ ಮೆಸೇಜಿನ ನಗುಮುಖಗಳು ಖಾಲಿ ಚೌಕವಾಗುತ್ತವೆ. ಯೂನಿಕೋಡಿನಲ್ಲೇ ಪುಟ ಕಟ್ಟಲು ಮೊದಲೇ ಹೇಳಿಕೊಳ್ಳಿ.

ಪುಟದ ಲೆಕ್ಕವೂ ಇದೆ. ಡೆಮಿ ಅಷ್ಟದಳ ಅಳತೆಯ ಪುಸ್ತಕದಲ್ಲಿ ಒಂದು ಫಾರಂ ಅಂದರೆ 16 ಪುಟ. ಹತ್ತು ಫಾರಂಗೆ 160. ಗದ್ಯವಾದರೆ ಪುಟಕ್ಕೆ ಸುಮಾರು ಇನ್ನೂರು ಪದದಂತೆ ಮೂವತ್ತು ಸಾವಿರದ ಆಸುಪಾಸು. ಪದ್ಯದಲ್ಲಿ ಹೇಳುವ ಕಾದಂಬರಿಯಾದರೆ ಪುಟಕ್ಕೆ ಎಪ್ಪತ್ತು ಪದ ಬಂದರೆ ಹೆಚ್ಚು, ಅದೇ 160 ಪುಟಕ್ಕೆ ಹನ್ನೊಂದು ಸಾವಿರ ಪದ ಸಾಕು. ಬಿಳಿ ಜಾಗಕ್ಕೂ ಕಾಗದದ ದುಡ್ಡು ಕೊಡಬೇಕು ಎಂದು ಪ್ರಕಾಶಕರು ಪದ್ಯಗಳನ್ನು ಒತ್ತಾಗಿ ಸೇರಿಸಲು ನೋಡುತ್ತಾರೆ. ಬಿಡಬೇಡಿ. ಫಾರಂ ಕಡಿಮೆ ಮಾಡಬೇಕಾದರೆ ಪದ್ಯ ಕಡಿಮೆ ಮಾಡಿ, ಬಿಳಿ ಜಾಗ ಉಳಿಸಿ. ಓದಿನ ಅಭ್ಯಾಸ ತಪ್ಪಿದ ಹುಡುಗನಿಗೆ ಪುಟ ತಿರುವಿದ ಖುಷಿ ಕೊಡುವುದು ಆ ಜಾಗವೇ.

ಅಕ್ಷರ ಬೀಳಿಸುವ ಆಟವನ್ನೂ ನೋಡಿ. ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಿಂತ ಹುಡುಗನ ಕೈಯಿಂದ ಮೊಬೈಲ್ ಜಾರುತ್ತದೆ ಎನ್ನಿ. ಇಂಗ್ಲಿಷಿನವರು ಅಂಥಲ್ಲಿ ಪದದ ಒಂದೊಂದು ಅಕ್ಷರವನ್ನು ಸಾಲಿನಿಂದ ಸಾಲಿಗೆ ಕೆಳಗೆ ಇಳಿಸುತ್ತಾರೆ. ಕನ್ನಡದಲ್ಲಿ ಕಂಪ್ಯೂಟರಿಗೆ ಹಾಗೇ ಬಿಟ್ಟರೆ ‘ಬಿದ್ದು’ ಎಂಬುದನ್ನು ಗುಣಿತ, ಒತ್ತು, ಕೊಂಬು ಎಂದು ಚೂರು ಮಾಡಿ ಹಾಕುತ್ತದೆ, ಯಾರಿಗೂ ಓದಲು ಬರುವುದಿಲ್ಲ. ನಮ್ಮ ಲಿಪಿಯಲ್ಲಿ ಮುರಿಯದ ತುಂಡು ಅಂದರೆ ಪೂರಾ ಅಕ್ಷರ. ಹಾಗಾಗಿ ಅದು ಬೀಳಬೇಕಾದದ್ದು ಹೀಗೆ:

ಬಿ
ದ್ದು
ಹೋ
ತು

ನಾಲ್ಕೇ ಸಾಲು. ಕರಡಚ್ಚು ಬಂದಾಗ ಮೊದಲು ಆ ಪುಟ ತೆಗೆದು, ‘ದ್ದು’ವಿನ ಒತ್ತು ಅದರ ಕಾಲಡಿಯಲ್ಲೇ ಇದೆಯೋ ಇಲ್ಲವೋ ನೋಡಿ.